ಜಾರುಮುಚ್ಚಳ

ಸಾಲೊ ಪಟ್ಟಣದ ಗುರುವಾರ ಸಂಜೆಯ ಸಂತೆಯಲ್ಲಿ
ಹಳೆ ಸ್ಕೇಟು, ಹಿಡಿ ಮುರಿದ ಲೋಟ,
ಜೊತೆ ತಪ್ಪಿದ ಕೈಗವಸುಗಳ ನಡುವೆ
ಅದು ಬೋರಲು ಮಲಗಿತ್ತು.
ಎಂಟು ಯೂರೋ, ಎಂದ ಹುಡುಗ.
ವೇತಿ ಅಂತೆ ಹೆಸರು; ಈ ಫೋನಿಗಿಂತ
ನಾಲ್ಕು ವರ್ಷ ಚಿಕ್ಕವನು.
'ಎಲ್ಲಾ ಕೆಲಸ ಮಾಡುತ್ತೆ' ಎಂದ,
ಮಾರುವವರೆಲ್ಲ ಹೇಳುವ ಹಾಗೆ.

ನೋಡೋಣ ತಾಳು, ಎಂದೆ.
ಕನ್ನಡಕ ಹಣೆಯಿಂದ ಮೂಗಿಗಿಳಿಯಿತು.
ಹನ್ನೊಂದು ವರ್ಷ ನನಗೆ ಅನ್ನ ಹಾಕಿದ ಮಾತು ಅದೇ:
ನೋಡೋಣ ತಾಳು.

ಮೊದಲು ಕ್ಯಾಮೆರಾ.
ಐದು ಮೆಗಾಪಿಕ್ಸೆಲ್; ಆಗ ಅದು ಬಾಯ್ತುಂಬ ಹೇಳುವ ಸಂಖ್ಯೆ.
ಗಾಜಿನ ಮೇಲೆ ಕೂದಲೆಳೆ ಗೀರು.
ಹುಡುಗನನ್ನೇ ನಿಲ್ಲಿಸಿ ತೆಗೆದೆ.
ಗುಂಡಿ ಒತ್ತಿದ್ದಕ್ಕೂ ಚಿತ್ರ ಬಿದ್ದದ್ದಕ್ಕೂ ನಡುವೆ
ಅವನು ನಕ್ಕು ಮುಗಿಸಿ ಆಕಳಿಸತೊಡಗಿದ್ದ.
ಸಿಕ್ಕಿದ್ದು ಆಕಳಿಕೆ. ಬಣ್ಣಕ್ಕೆ ಕೊಂಚ ಕಾಮಾಲೆ.
ಐದಕ್ಕೆ ಮೂರು.

ರೇಡಿಯೋ ಇಯರ್‌ಫೋನಿನ ತಂತಿ ಚುಚ್ಚದೆ ಬಾಯಿ ಬಿಡದು,
ತಂತಿಯೇ ಅದರ ಆಂಟೆನಾ.
ಹುಡುಗ ನಂಬಲಿಲ್ಲ. ಚುಚ್ಚಿ ತೋರಿಸಿದೆ.
ತುರ್ಕು ಕಡೆಯಿಂದ ಹವಾಮಾನ, ಪಿಸುದನಿಯಲ್ಲಿ:
ಸಮುದ್ರದ ಮೇಲೆ ಗಾಳಿ ಸೆಕೆಂಡಿಗೆ ಒಂಬತ್ತು ಮೀಟರು.
ನಾಲ್ಕು.

ಇಂಟರ್ನೆಟ್ಟು ತೆರೆಯಲಿಲ್ಲ.
ಅದಕ್ಕೆ ಬರುವ ಭಾಷೆಯಲ್ಲಿ
ಗೋಪುರಗಳು ಈಗ ಮಾತಾಡುವುದಿಲ್ಲ.
ಇದು ಫೋನಿನ ತಪ್ಪಲ್ಲ. ಅಂಕ ಹಾಕದೆ ಬಿಟ್ಟೆ.

ಜಿಪಿಎಸ್ಸಿಗೆ ಸಹನೆ ಬೇಕು.
ಅಂಗೈಯಲ್ಲಿಟ್ಟು ಆಕಾಶಕ್ಕೆ ಹಿಡಿದು ನಿಂತೆ,
ಹಕ್ಕಿಗೆ ಕಾಳು ಹಿಡಿದವಳಂತೆ.
ಒಂದು ಉಪಗ್ರಹ ಬಂತು. ಎರಡು. ಎರಡನೆಯದು ಹಾರಿಹೋಯಿತು.
ಪಕ್ಕದ ಮೇಜಿನ ಮುದುಕ ಒಂದು ಡೋನಟ್ ತಿಂದು
ಬೆರಳ ಸಕ್ಕರೆಯನ್ನೂ ನೆಕ್ಕಿ ಮುಗಿಸುವಷ್ಟರಲ್ಲಿ
ನಾನು ಸಾಲೊದಲ್ಲೇ ಇದ್ದೇನೆಂದು ತಿಳಿಸಿತು.
ಗೊತ್ತಿತ್ತು. ನಾನು ಎಲ್ಲಿಗೂ ಹೋಗಲಿಲ್ಲ.
ಹೋದದ್ದು ಕಾರ್ಖಾನೆ.
ಎರಡೂವರೆ.

ಇನ್ನು ಮುಚ್ಚಳ.
ಮೇಲೆ ಜಾರಿಸಿದರೆ ಅಂಕಿಗಳು,
ಕೆಳಗೆ ಜಾರಿಸಿದರೆ ಹಾಡಿನ ಗುಂಡಿಗಳು.
ಇದರ ಜಂಬವೆಲ್ಲ ಇದೇ, ಜಾಹೀರಾತಿನಲ್ಲಿ ಕುಣಿದದ್ದೂ ಇದೇ.
ನನ್ನ ಮೇಜು ಇದಕ್ಕೆಂದೇ ಇತ್ತು: ಮೂರನೆಯ ಸಾಲು, ಕಿಟಕಿ ಪಕ್ಕ.
ಯಂತ್ರ ಒಂದು ಲಕ್ಷ ಸಲ ತೆಗೆದು ಮುಚ್ಚುತ್ತಿತ್ತು,
ಆಮೇಲೆ ನನ್ನ ಹೆಬ್ಬೆರಳು.
ಯಂತ್ರ ಎಣಿಸುತ್ತದೆ,
ಹೆಬ್ಬೆರಳು ಅನುಮಾನಿಸುತ್ತದೆ.
ಸದ್ದು ಒಣಗಿರಬಾರದು, ಒದ್ದೆಯೂ ಆಗಿರಬಾರದು;
ಒಳ್ಳೆಯ ಬೀರುವಿನ ಬಾಗಿಲು
ತಾನಾಗಿ ಹೋಗಿ ಕೂತಂತಿರಬೇಕು.

ಆ ಚಳಿಗಾಲ ಬರೆದುಕೊಟ್ಟಿದ್ದೆ:
ಎಡ ಮೂಲೆ, ಮೇಲ್ತುದಿ. ಆಡುತ್ತದೆ.
ಕೂದಲಷ್ಟು. ಆದರೂ ಆಡುತ್ತದೆ.
ಮೇಲ್ವಿಚಾರಕ ರೌನೊ ತಿರುಗಿಸಿ ಮುರುಗಿಸಿ ನೋಡಿ
'ಸಿರ್ಕ್ಕಾ, ಆಡುತ್ತಿರುವುದು ನಿನ್ನ ಬೆರಳು' ಎಂದ;
'ಅಡ್ಡಿಯಿಲ್ಲ' ಎಂಬ ನೀಲಿ ಮೊಹರು ಒತ್ತಿದ.
ಮತ್ತೆ ಬರೆದೆ. ಮತ್ತೆ ನೀಲಿ.
ಮೂರನೆಯ ಚೀಟಿ ಅವನ ಕಾಫಿ ಲೋಟದಡಿ
ಒಂದು ವಾರ ಕಂದು ಬಳೆ ತೊಟ್ಟು ಕೂತಿತ್ತು.
ಅಷ್ಟರಲ್ಲಿ ಫೋನುಗಳು ಹಡಗು ಹತ್ತಿದ್ದವು.

ಈಗ ಹೆಬ್ಬೆರಳಿಟ್ಟೆ.
ಜಾರಿಸಿದೆ. ಕಟಕ್.
ಸದ್ದು ಇನ್ನೂ ಚೆನ್ನಾಗಿಯೇ ಇದೆ, ಸುಳ್ಳೇಕೆ.
ಎಡ ಮೂಲೆ. ಮೇಲ್ತುದಿ.
ಒತ್ತಿದೆ.

ಆಡಿತು.

ಉದುರಲೊಲ್ಲದ ಹಾಲುಹಲ್ಲಿನ ಹಾಗೆ
ಹದಿನೆಂಟು ವರ್ಷ ಯಾರ್ಯಾರ ಜೇಬಿನಲ್ಲೋ
ನನ್ನ ಪರವಾಗಿ ಸಾಕ್ಷಿ ಹೇಳುತ್ತಲೇ ಇದ್ದಿತ್ತು,
ಕೇಳುವವರಿರಲಿಲ್ಲ.

ಸಂತೆಯ ನಡುವೆ ಗಟ್ಟಿಯಾಗಿ ನಕ್ಕುಬಿಟ್ಟೆ.
ಹುಡುಗ ಬೆದರಿದ. 'ಕೆಟ್ಟಿದೆಯಾ? ಆರಕ್ಕೆ ಕೊಡ್ತೀನಿ.'
ಕೆಟ್ಟಿದೆ, ಎಂದೆ. ಹುಟ್ಟಿದ ದಿನದಿಂದಲೂ.
ಎಂಟೂ ಎಣಿಸಿ ಕೊಟ್ಟೆ.

ರೌನೊ ಈಗ ನದಿಯಾಚೆ ಇದ್ದಾನೆ,
ಮಂಡಿಗೆ ಆಪರೇಷನ್ ಆಗಿದೆಯಂತೆ.
ಭಾನುವಾರ ಹೋಗುತ್ತೇನೆ. ಜಗಳವಿಲ್ಲ, ಮಾತೂ ಬೇಡ;
ಅವನ ಹೆಬ್ಬೆರಳು ಹಿಡಿದು
ಎಡ ಮೂಲೆಗಿಟ್ಟು ಸುಮ್ಮನೆ ಕೂರುತ್ತೇನೆ.
ಕಾಫಿ ಅವನೇ ಕಾಸಲಿ.