ಆರು ಗಂಟೆಯ ನೆಲ

ದಾಲ್ಕಾವೆಯ ಕೊಲ್ಲಿಯಲ್ಲಿ ಕಡಲು
ದಿನಕ್ಕೆರಡು ಸಲ ಎದ್ದು ಹೋಗುತ್ತದೆ,
ಎಲೆ ಬಿಟ್ಟು ಊಟದಿಂದ ಎದ್ದವರ ಹಾಗೆ.
ಹಿಂದೆ ಉಳಿಯುವುದು ಚಿಪ್ಪು, ಪಾಚಿ, ಒಂಟಿ ಬೂಟು,
ಇವತ್ತು ಮಾತ್ರ, ಮರದ ಕಂಬಕ್ಕೆ ಒರಗಿ ನಿಂತ
ನಮ್ಮ ಹಾಯಿದೋಣಿಯೂ.

ಐವತ್ತೊಂದರವಳು. ನನಗಿಂತ ಮೂರು ವರ್ಷ ದೊಡ್ಡವಳು.
ಹೆಸರು ಗ್ರೀಟ್. ಕೊನೆಯ ಅಕ್ಷರ ಅಳಿಸಿಹೋಗಿ
ಎರಡು ಸಮುದ್ರವಾಯಿತು.
ನಾಳೆ ಬರೆಯುತ್ತೇನೆ ಅನ್ನುತ್ತಾನೆ ಯೋಸ್ಟ್, ಪ್ರತಿ ಬಂದರಿನಲ್ಲೂ.

ಏಳು ವರ್ಷದಿಂದ ಇದೇ ಮನೆ.
ನಿಂತರೆ ತಲೆಗೆ ತೊಲೆ, ಕೂತರೆ ಮೊಣಕಾಲಿಗೆ ಮೇಜು,
ಹಾಸಿಗೆ ಎತ್ತಿದರೆ ಈರುಳ್ಳಿ,
ಈರುಳ್ಳಿ ಎತ್ತಿದರೆ ಎಂಜಿನ್ನಿನ ಬೆಲ್ಟು.
ಜಗಳವಾದರೆ ಬಡಿದು ಹೋಗಲು ಬಾಗಿಲಿಲ್ಲ;
ಪರದೆಯೊಂದಿದೆ,
ಅದನ್ನು ಸ್ವಲ್ಪ ಜೋರಾಗಿ ಎಳೆಯಬಹುದು, ಅಷ್ಟೆ.

ಊರೂರು ನೋಡಲು ಹೊರಟವರು ನಾವು.
ನೋಡಿದ್ದು ಊರೂರಿನ ಹಾರ್ಡ್‌ವೇರ್ ಅಂಗಡಿ.
ಆರು ಭಾಷೆಯಲ್ಲಿ ನನಗೆ ತುಕ್ಕು ಗೊತ್ತು.
'ನಾಳೆ ಬರುತ್ತೆ' ಎನ್ನುವುದು ಎಂಟರಲ್ಲಿ.

ನೀರು ಎಲ್ಲಿಂದಲೋ ಒಳಗೆ ಬರುತ್ತಿತ್ತು.
ಇಪ್ಪತ್ತು ನಿಮಿಷಕ್ಕೊಮ್ಮೆ ಪಂಪು ಗೊರಗೊರ ಎದ್ದು
ಎರಡು ಬಕೆಟ್ ಕಡಲನ್ನು ಕಡಲಿಗೇ ಹಿಂದಿರುಗಿಸುತ್ತಿತ್ತು.
ಮೂರು ಬಂದರು, ಮೂರು ಡಬ್ಬ ಅಂಟು;
ಹೊಟ್ಟೆಯ ಮೇಲೆ ಮಲಗಿ ಯೋಸ್ಟ್ ಬಳಿದದ್ದೇ ಬಳಿದದ್ದು.
ನಾನು ನಿದ್ದೆಯಲ್ಲೂ ಎಣಿಸುತ್ತಿದ್ದೆ
ಒಂದು ಗೊರಕೆಗೂ ಇನ್ನೊಂದಕ್ಕೂ ನಡುವಿನ ಮೌನ.

ದೋನ್ ಎಲಿಯೊದೋರೊ ನಾವೆಲ್ಕಿನ್ ಬಂದ,
ಉಣ್ಣೆಯ ಟೋಪಿ, ಕೆಸರಿನ ಬೂಟು, ಒಂದೇ ಒಂದು ಚೀಲ.
ಮಾತಿಲ್ಲ. ಉಳಿಯ ಹಿಡಿಯಿಂದ ತಟ್ಟುತ್ತಾ,
ಕಿವಿಗೊಡುತ್ತಾ ಸುತ್ತು ಬಂದ,
ಹಣ್ಣಾಗಿದೆಯೇ ಎಂದು ಹಲಸು ತಟ್ಟುವವರ ಹಾಗೆ.
ಮೊಮ್ಮಗಳು ಯಾಸ್ನಾ ಬಂಡೆಯ ಮೇಲೆ ಕೂತು
ಆಲೆರ್ಸೆ ತೊಗಟೆಯ ಕೆಂಪು ನಾರನ್ನು
ತೊಡೆಯ ಮೇಲಿಟ್ಟು ಬತ್ತಿ ಹೊಸೆದಳು.

'ಇಲ್ಲಿ,' ಅಂದ.
ಯೋಸ್ಟ್ ಅತ್ಯಂತ ಚೆನ್ನಾಗಿ ಬಳಿದ ಜಾಗ ಅದು.
'ಸೋರುತ್ತಿರುವುದು ದೋಣಿಯಲ್ಲ, ನಿಮ್ಮ ರಿಪೇರಿ.
ಮರ ಉಬ್ಬಬೇಕು ಅಂತ ಇತ್ತು, ನೀವು ಬಿಡಲಿಲ್ಲ.
ಅದು ಪಕ್ಕದ ಹಲಗೆಯನ್ನು ಸೀಳಿತು.'

ಯೋಸ್ಟ್ ಕಡಲಿನ ಕಡೆ ನೋಡಿದ.
ಕಡಲು ಆಗಲೇ ನಮ್ಮ ಕಡೆ ತಿರುಗಿತ್ತು.

ಮೂರು ವರ್ಷದ ಅಂಟನ್ನು ನಲವತ್ತು ನಿಮಿಷದಲ್ಲಿ ಕೆತ್ತಿ,
ಗೇಣುದ್ದ ಹಲಗೆ ಕತ್ತರಿಸಿ ತೆಗೆದರೆ
ಹಿಂದಿನ ಪಕ್ಕೆಲುಬಿನ ಮೇಲೆ ಪೆನ್ಸಿಲಿನ ಲೆಕ್ಕ:
ಮೂವತ್ತೆಂಟು, ಹದಿನೇಳು, ಅಡಿಗೆರೆ, ಐವತ್ತನಾಲ್ಕು.
ನನ್ನ ಹುಟ್ಟಿಗೂ ಮುಂಚೆ ಯಾರೋ ಬಡಗಿ ಬರೆದದ್ದು,
ಬಹುಶಃ ಚಳಿಯಲ್ಲಿ, ಬಹುಶಃ ಹಸಿವಲ್ಲಿ.
'ತಪ್ಪು!' ಕೂಗಿದಳು ಯಾಸ್ನಾ, ಶಾಲೆಯ ದನಿಯಲ್ಲಿ,
'ಐವತ್ತೈದು ಆಗಬೇಕು!'
ಅಜ್ಜನ ಕಿವಿಯ ಪೆನ್ಸಿಲಿಗೆ ಕೈ ಹಾಕಿದಳು.
ಅವನು ಆ ಕೈ ಹಿಡಿದುಕೊಂಡ.
'ಬಿಡು. ಅದಕ್ಕೆ ಒಗ್ಗಿಕೊಂಡಿದ್ದಾಳೆ.'

ಹೊಸ ಹಲಗೆ ಕೂರುವಾಗ ನೀರು ಹಿಮ್ಮಡಿಗೆ.
ನಾರಿನ ಬತ್ತಿ ಸಂದಿಗಿಳಿಯುವಾಗ ಮೊಣಕಾಲಿಗೆ.
ಇನ್ನೂ ಬಿಗಿಯಾಗಿ ಬಡಿ ಎಂದ ಯೋಸ್ಟನಿಗೆ ಅವನು
ತಲೆಯಾಡಿಸಿದ, ಮಗುವಿಗೆ ಸಿಹಿ ಬೇಡವೆನ್ನುವಂತೆ.
'ಜಾಗ ಬೇಕು. ಮೊದಲ ರಾತ್ರಿ ಸೋರುತ್ತದೆ. ಹೆದರಬೇಡಿ.
ನೀರು ಕುಡಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ.'

ಹೇಳಿದ ದುಡ್ಡು ಎಣಿಸಿಕೊಂಡ.
ಮೇಲೆ, ಉಳಿದಿದ್ದ ಅರ್ಧ ಡಬ್ಬ ಅಂಟನ್ನೂ ಕೇಳಿದ:
ಮನೆಯ ಸಿಂಕು ಸೋರುತ್ತಿದೆಯಂತೆ.
ಚೀಲವನ್ನು ತಲೆಯ ಮೇಲಿಟ್ಟು, ಮೊಮ್ಮಗಳನ್ನು ಬೆನ್ನಿಗೇರಿಸಿ
ಸೊಂಟದಾಳದ ನೀರಲ್ಲಿ ನಡೆದುಹೋದ.

ಕತ್ತಲಾದ ಮೇಲೆ ಗ್ರೀಟ್ ಒಮ್ಮೆ ನರಳಿ
ಕಂಬ ಬಿಟ್ಟು ಎದ್ದು ತೇಲಿದಳು.
ಎಂಟು ನಿಮಿಷಕ್ಕೊಮ್ಮೆ ಪಂಪು.
ಆಮೇಲೆ ಇಪ್ಪತ್ತಕ್ಕೆ.
ಹನ್ನೊಂದರ ಹೊತ್ತಿಗೆ ಗಂಟೆಗೊಮ್ಮೆ, ಆಮೇಲೆ,

ಆಮೇಲೆ ಏನೂ ಇಲ್ಲ.

ದೂರದ ದೇವದಾರು ದಡದಲ್ಲಿ ಯಾರದೋ ನಾಯಿ.
ಹಗ್ಗ ಕಂಬಕ್ಕೆ ತಾಗುವ ಟಿಕ್ ಟಿಕ್.
ಪಕ್ಕದಲ್ಲಿ ಯೋಸ್ಟ್, ಕಣ್ಣು ತೆರೆದುಕೊಂಡೇ ಇದ್ದಾನೆ.
ಎಣಿಸಲು ಏನೂ ಸಿಗದೆ ನಾನು
ಮೂವತ್ತೆಂಟಕ್ಕೆ ಹದಿನೇಳು ಕೂಡಿಸುತ್ತಿದ್ದೆ.

ಎರಡೂ ಮುಕ್ಕಾಲಿಗೆ ಅವನು ಎದ್ದು,
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು,
ಪಂಪು ಕೆಟ್ಟಿದೆಯೇನೋ ಎಂದು
ಬಿಚ್ಚತೊಡಗಿದ.