ನೋಡೋಣ

ದಾಸರಹಳ್ಳಿಯ ಮೆಟ್ರೊ ಕಂಬ ಎದುರಿಗೇ.
ಎರಡನೇ ಮಹಡಿಯ ನನ್ನ ಕಿಟಕಿಗೂ ರೈಲಿಗೂ
ಒಂದೇ ಎತ್ತರ.

ತೂಕ. ಜ್ವರ. ಲಸಿಕೆ. ಮುಂದಿನವರು.
ಒಂದು ಕೂಸಿಗೆ ನಾಲ್ಕು ನಿಮಿಷ,
ಅದರಲ್ಲೊಂದು ಅಂಗಿ ಬಿಚ್ಚಿ ತೊಡಿಸುವುದಕ್ಕೇ ಹೋಗುತ್ತದೆ.
"ಮಾತಿನ್ನೂ ಬಂದಿಲ್ಲ ಡಾಕ್ಟ್ರೇ" ಎಂದರೆ
"ನೋಡೋಣ" ಅನ್ನುತ್ತಿದ್ದೆ.
ಇನ್ನಾರು ತಿಂಗಳು ನೋಡೋಣ.
ನೋಡೋಣ ಎಂದರೆ
ನೋಡುವುದಿಲ್ಲ ಎಂದೇ ಅರ್ಥವೆಂದು
ಕಲಿಸಿದವಳು ರುಕ್ಸಾರಳ ತಾಯಿ:
ಮಗಳಿಗೆ ಐದು ತುಂಬಿದ ಮೇಲೆ ಬಂದು
ಬೈಯಲಿಲ್ಲ, ಅಳಲಿಲ್ಲ,
ಹಳೆಯ ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು.
ನನ್ನದೇ ಅಕ್ಷರ. ಮಡಿಕೆಯಲ್ಲಿ ಹರಿದಿತ್ತು.

ಈಗ ಒಂದು ಹಾಳೆ ಇದೆ. ಇಪ್ಪತ್ತು ಪ್ರಶ್ನೆ.
ಸೂಜಿ ಚುಚ್ಚಿದ ಮೇಲೆ ಅರ್ಧ ಗಂಟೆ ಹೇಗೂ ಕೂರಬೇಕಲ್ಲ,
ಆಗ ಸಿಸ್ಟರ್ ಗ್ಲಾಡಿಸ್ ಬೆಂಚಿನ ತುದಿಗೆ ಕೂತು ಕೇಳುತ್ತಾಳೆ.
ಮೊದಮೊದಲು ಎಲ್ಲ ತಾಯಂದಿರೂ
ಇಪ್ಪತ್ತಕ್ಕಿಪ್ಪತ್ತು ಹೌದು!
ಮಗ ಫೇಲಾದರೆ ಎಂಬ ಭಯ.
ಗ್ಲಾಡಿಸ್ ಹಾಳೆ ಮಗುಚಿಟ್ಟಳು:
"ರೈಲು ಹೋದಾಗ ಏನು ಮಾಡ್ತಾನೆ ಇವನು?"

ಇವತ್ತು ಹುಲಿಗೆಮ್ಮ. ಕೊಪ್ಪಳದ ಕಡೆಯವಳು,
ಪೀಣ್ಯದಲ್ಲಿ ಶರ್ಟಿನ ಕಾಲರ್ ಹೊಲಿಯುವವಳು,
ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದಾಳೆ.
ಮಗ ಮೌನೇಶ, ಒಂದೂವರೆ ವರ್ಷ.
"ಭಾಳ ಶಾಣ್ಯಾ ಅದಾನ್ರಿ, ಕಾಡೂದಿಲ್ಲ.
ಹೆಸರಿಗೆ ತಕ್ಕಂಗ ಸುಮ್ಮ ಇರ್ತಾನ."

ರೈಲು ಬಂತು.
ಬೆಂಚಿನ ಮಕ್ಕಳೆಲ್ಲ ಒಮ್ಮೆಗೇ ಬೊಟ್ಟು ಚಾಚಿ,
ಅಮ್ಮನ ಗಲ್ಲ ಹಿಡಿದು ಅತ್ತ ತಿರುಗಿಸಿ,
ಚುಚ್ಚಿಸಿಕೊಂಡ ತೊಡೆ ಮರೆತವು.
ಮೌನೇಶ ಚಪ್ಪಲಿಯ ಬಕಲ್ಲು ತೆರೆದ, ಮುಚ್ಚಿದ,
ತೆರೆದ.

ಮೊದಲು ಕಿವಿ, ಎಂದೆ. ಕಿವಿಯ ಪರೀಕ್ಷೆ ಆಗಲಿ.
ಗುರುವಾರ ಮಾತು ಕಲಿಸುವವರು ಬರುತ್ತಾರೆ, ಬಾ.
ಅವಳು ಕೇಳಿದಳು:
"ಮೊಬೈಲ್ ಕೊಟ್ಟಿದ್ದಕ್ಕೇನ್ರಿ? ಕೂಸಿನ ಮನ್ಯಾಗ ಬಿಟ್ಟಿದ್ದಕ್ಕೇನ್ರಿ?"
ಹಾಳೆಯಲ್ಲಿಲ್ಲದ ಪ್ರಶ್ನೆ.
ಅದಕ್ಕಲ್ಲ ತಾಯಿ ಎನ್ನಲು ನಾಲ್ಕು ನಿಮಿಷ ಸಾಲದು.
ಹೊರಗೆ ಹದಿನೇಳು ಮಂದಿ ಇದ್ದರು. ಕಾಯಲಿ.

ಹೊರಡುವಾಗ ಅವನನ್ನೆತ್ತಿ ಕಿಟಕಿಗೆ ಹಿಡಿದಳು.
ಮತ್ತೊಂದು ರೈಲು.
"ಅಲ್ಲಿ ನೋಡೋ, ಅಲ್ಲಿ!" ಬೆರಳು ಚಾಚಿದಳು,
ಉಗುರಿನ ಸಂದಿಯಲ್ಲಿ ನೀಲಿ ನೂಲಿನ ಎಳೆ.
ಅವನು ರೈಲು ನೋಡಲಿಲ್ಲ.
ಬೆರಳನ್ನು ನೋಡಿದ, ಆ ಎಳೆಯನ್ನು,
ತುಸು ಹೊತ್ತೇ ನೋಡಿದ.

ಅದನ್ನೂ ಬರೆದುಕೊಂಡೆ.
ಪಕ್ಕದಲ್ಲಿ ತಾರೀಖು.