ತೆಗೆ

ಬಾಗಿಲು ತೆಗೆದರೆ ಬೆಳಕು,
ದೀಪ ತೆಗೆದರೆ ಕತ್ತಲು.
ಎರಡಕ್ಕೂ ಒಂದೇ ಮಾತು ನಮ್ಮಲ್ಲಿ;
ಇಷ್ಟು ವರ್ಷ ಅದರಿಂದ ಯಾರ ಕೈಯೂ ಸುಟ್ಟಿರಲಿಲ್ಲ.

ರಿಪ್ಪನ್‌ಪೇಟೆಯ ಸೆಕ್ಷನ್ ಆಫೀಸಿನಲ್ಲಿ
ಕಪಾಟಿನ ಮರೆಗೆ ನನಗೊಂದು ಮೇಜು,
ಮೇಜಿನ ಮೇಲೆ ಲ್ಯಾಪ್‌ಟಾಪು, ಅದರೊಳಗೊಬ್ಬ ಏಜೆಂಟ್.
(ವಿಮೆಯವನಾ ಅಂತ ಕೇಳಿದ್ದ ಲೈನ್‌ಮನ್ ಕೆರಿಯಪ್ಪ.)
ಅವನ ಕೈಗೆ ಆರು ಹತಾರ,
ಒಂದೊಂದಕ್ಕೂ ಒಂದು ವಿವರಣೆ, ಬರೆದವಳು ನಾನು.
ಹತಾರ ಅವನ ಕಣ್ಣಿಗೆ ಬೀಳುವುದಿಲ್ಲ,
ತೂಕವಿಲ್ಲ, ತುಕ್ಕಿನ ವಾಸನೆಯಿಲ್ಲ.
ನಾನು ಬರೆದದ್ದೇ ಅದರ ಹಿಡಿ.

ಮೂರನೆಯದಕ್ಕೆ ಬರೆದಿದ್ದೆ: ಲೈನ್ ತೆಗೆಯಲು.
ನಾಲ್ಕನೆಯದಕ್ಕೆ: ಲೈನ್ ಬಿಡಲು.

ನಲವತ್ತು ದೂರು ಕಟ್ಟಿಕೊಂಡು ಕೂತೆ ಪರೀಕ್ಷೆಗೆ,
ಎಲ್ಲ ಜನ ಫೋನಿನಲ್ಲಿ ಹೇಳುವ ಹಾಗೆಯೇ.
ಹಲಸಿನ ಕೊಂಬೆ ತಂತಿಗೆ ತಾಗಿ ಕಿಡಿ ಹಾರ್ತಾ ಅದೆ.
ಒಂದು ಫೇಸ್ ಇಲ್ಲ, ಗಿರಣಿ ಎದುರು ಜನ ಕಾಯ್ತಿದಾರೆ.
ಕಂಬದ ಬುಡದಲ್ಲಿ ದನ ಬಿದ್ದದೆ, ಹತ್ರ ಹೋಗಕ್ಕೆ ಹೆದ್ರಿಕೆ.
ಮಗಳ ಪರೀಕ್ಷೆ ನಾಳೆ, ಒಂಚೂರು ಲೈನ್ ಬಿಡಿ ಸಾರ್.
ಫೀಡರು ಸುಳ್ಳಿನದು, ತಂತಿ ಯಾವುದಕ್ಕೂ ಕಟ್ಟಿಲ್ಲ,
ಸುಟ್ಟರೆ ನನ್ನ ಲೆಕ್ಕದ ಹಾಳೆ ಸುಡಬೇಕು.

ಮೊದಲ ಸಲ ಇಪ್ಪತ್ತಾರು ಸರಿ.
ಗಿರಣಿಯವನು ಕರೆಂಟು ಕೇಳಿದರೆ ಲೈನ್ ತೆಗೆದ,
ತೂಬು ತೆಗೆದು ನೀರು ಬಿಟ್ಟಂತೆ, ಧಾರಾಳವಾಗಿ.
ಕೊಂಬೆ ಕಿಡಿ ಕಾರುವಲ್ಲಿ ಲೈನ್ ಬಿಟ್ಟ,
ಹಿಡಿದದ್ದನ್ನು ಕೈಬಿಟ್ಟೆನೆಂದೇ ತಿಳಿದು.
ಏನು ಬೈಯಲಿ? ಓದಿದ್ದನ್ನೇ ಮಾಡಿದ್ದಾನೆ.

ವಿವರಣೆ ಉದ್ದ ಮಾಡಿದೆ: ಮೂವತ್ತೊಂದು.
ಇನ್ನೂ ಉದ್ದ ಮಾಡಿದೆ: ಇಪ್ಪತ್ತೊಂಬತ್ತು.
ಮದುವೆ ಕಾಗದದ ಹೆಸರುಗಳ ನಡುವೆ ಮುಹೂರ್ತ ಹುಡುಕುವವರಂತೆ
ನನ್ನ ವಾಕ್ಯಗಳಲ್ಲಿ ತಡಕಾಡಿದ.
ದಯವಿಟ್ಟು ಅಂತ ಸೇರಿಸಿದೆ, ಏನೂ ಆಗಲಿಲ್ಲ.
ಆರಕ್ಕೂ ಎಚ್ಚರ ಅಂತ ಹಾಕಿದೆ,
ಫೀಡರಿನ ಸ್ಥಿತಿ ನೋಡುವುದಕ್ಕೂ ಹೆದರಿ ಸುಮ್ಮನೆ ಕೂತ.

ಬುತ್ತಿ ತೊಳೆಯಲು ಹೊರಗೆ ಹೋದವಳು ಸ್ವಿಚ್ಚಿನ ಮನೆ ಮುಂದೆ ನಿಂತೆ.
ಹಿಡಿಕೆಗೆ ಸುತ್ತಿದ ಸಣಬಿನ ದಾರ, ಬಿಸ್ಕತ್ತು ಡಬ್ಬಿಯ ರಟ್ಟು,
ಕೆಂಪು ಪೇಂಟಿನಲ್ಲಿ ಕೆರಿಯಪ್ಪನ ಸೊಟ್ಟ ಅಕ್ಷರ:
ಮುಟ್ಬೇಡ. ಮೇಲೆ ನಾನಿದ್ದೀನಿ.

ಹಿಡಿಕೆ ಏನು ಮಾಡುತ್ತದೆಂದು ಅದರಲ್ಲಿಲ್ಲ.
ಎಷ್ಟು ಕಿಲೋವೋಲ್ಟ್ ಎಂದೂ ಇಲ್ಲ.

ಕೈ ಒರೆಸಿಕೊಳ್ಳದೆ ಒಳಗೆ ಬಂದು ಬರೆದೆ.
ಮೂರು: ಕರೆಂಟು ನಿಲ್ಲಿಸಲು.
ನಾಲ್ಕು: ಕರೆಂಟು ಹರಿಸಲು. ಕಂಬದ ಮೇಲೆ ಜನ ಇದ್ದಾರೆ.
ಇಳಿದರೆಂದು ಅವರೇ ಹೇಳುವವರೆಗೆ ಮುಟ್ಟಬೇಡ.

ಮೂವತ್ತೊಂಬತ್ತು.

ಉಳಿದದ್ದೊಂದು. ಯಾರೋ ಹೆಂಗಸಿನ ದನಿಯಲ್ಲಿ ನಾನೇ ಬರೆದದ್ದು:
ನಮ್ಮನೆಯವ್ರು ಇಳಿದ್ರಾ?
ನನ್ನ ಉತ್ತರದ ಹಾಳೆ ಹೇಳುತ್ತಿತ್ತು, ಹತಾರ ಒಂದು, ಸ್ಥಿತಿ ನೋಡು.
ಅವನು ಒಂದನ್ನೂ ಮುಟ್ಟಲಿಲ್ಲ.
ನನಗೆ ಇಲ್ಲಿಂದ ಕಾಣುವುದಿಲ್ಲ, ಅವರನ್ನೇ ಕೇಳಬೇಕು, ಅಂದ.
ತಪ್ಪು ಅಂತ ಕೆಂಪು ಗೀರು ಹಾಕಿದೆ.
ಆಮೇಲೆ ಅದೇ ಪೆನ್ನಿನಲ್ಲಿ
ನನ್ನ ಉತ್ತರವನ್ನು ಹೊಡೆದುಹಾಕಿದೆ.

ನಾಲ್ಕೂವರೆಗೆ ಕೆರಿಯಪ್ಪ ಬಂದ,
ಮೀನಖಂಡದಲ್ಲಿ ಉಂಬಳ ಕಚ್ಚಿದ ರಕ್ತ.
ದಾರ ಬಿಚ್ಚಿ ರಟ್ಟನ್ನು ಜೇಬಿಗೆ ತುರುಕಿದ.
ಅಲ್ಲೇ ಇರ್ಲಿ ಬಿಡು ಮಾರಾಯ, ನಾಳೆಗೂ ಬೇಕಲ್ಲ, ಅಂದೆ.

ಇಲ್ದಿದ್ದಾಗ್ಲೂ ಇದ್ದೀನಿ ಅಂತ ನೇತಾಡ್ತಿದ್ರೆ
ಇದ್ದಾಗ ಯಾರು ನಂಬ್ತಾರೆ ಮೇಡಂ?

ಚಾ ಕುಡಿಯಲು ಹೋದ.
ನಾನು ನಾಲ್ಕನೆಯ ವಿವರಣೆ ತೆಗೆದೆ,
ಎರಡೂ ಅರ್ಥದಲ್ಲಿ.
ಹೊಸದು ಇನ್ನೂ ಬರೆದಿಲ್ಲ.
ನಾಳೆ ಎಂಟಕ್ಕೆ ಮತ್ತೆ ಹತ್ತುತ್ತಾನೆ.